ಕಿವಿಗೆ ರೆಪ್ಪೆಯಿಲ್ಲ

ಕಣ್ಣಿಗೆ ರೆಪ್ಪೆಯಿದೆ, ಕಿವಿಗಿಲ್ಲ. ದೇಹ ಮಲಗಿದರೂ ಶ್ರವಣ ಎಚ್ಚರದಲ್ಲಿರುತ್ತದೆ. ಈ ಎಚ್ಚರದ ಭಾರ ಚೆನ್ನಾಗಿ ತಿಳಿದಿರುವುದು ನಾದವನ್ನೇ ವೃತ್ತಿಯಾಗಿಸಿಕೊಂಡವರಿಗೆ. ಶ್ರುತಿಯಲ್ಲಿ ಕೂದಲೆಳೆಯ ಅಂತರವನ್ನೂ ಗುರುತಿಸಬೇಕಾದ ಅವರ ಕಿವಿಯ ಪಕ್ಕದಲ್ಲೇ ತಾಳವಾದ್ಯ ಮೊಳಗುತ್ತದೆ, ತುತ್ತೂರಿ ಗರ್ಜಿಸುತ್ತದೆ. ಗಲ್ಲದಡಿ ಪಿಟೀಲು ಹಿಡಿಯುವವರ ಎಡಗಿವಿಗಂತೂ ವಾದ್ಯವೇ ಒರಗಿರುತ್ತದೆ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ತಾಳಬಹುದೆನ್ನುವ ಒಂದು ಮಾನದಂಡವಿದೆ. ಅದರಂತೆ ಸದ್ದು 3 ಡೆಸಿಬೆಲ್ ಏರಿದಾಗಲೆಲ್ಲ ಆ ಅವಧಿ ಅರ್ಧಕ್ಕಿಳಿಯುತ್ತದೆ. ಪ್ರಿಯವಾದ ಸದ್ದಿಗೂ ಇದೇ ಲೆಕ್ಕ.

ಒಳಗಿವಿಯ ಸುರುಳಿಯಲ್ಲಿ ಸುಮಾರು 15 ಸಾವಿರ ರೋಮಕೋಶಗಳಿವೆ. ಅತಿಯಾದ ಸದ್ದಿನಿಂದ ಒಮ್ಮೆ ಅಳಿದರೆ ಅವು ಮರಳಿ ಹುಟ್ಟುವುದಿಲ್ಲ. ಆದರೆ ಅವು ಅಳಿದ ಜಾಗದಲ್ಲಿ ಮೌನ ನೆಲೆಸುವುದೂ ಇಲ್ಲ. ಅವುಗಳಿಂದ ಬರಬೇಕಾದ ಸಂದೇಶ ಬಾರದಾದಾಗ ಮಿದುಳು ತನ್ನ ಗ್ರಹಣವನ್ನು ಇನ್ನಷ್ಟು ತೀಕ್ಷ್ಣಗೊಳಿಸುತ್ತದೆ. ಕಡೆಗೆ ಇಲ್ಲದ ನಾದವನ್ನು ತಾನೇ ಕೇಳತೊಡಗುತ್ತದೆ. ಕಿವಿಮೊರೆತಕ್ಕೆ ವಿಜ್ಞಾನ ಕೊಡುವ ಮುಖ್ಯ ವಿವರಣೆ ಇದು. ಹಗಲಿನ ಗದ್ದಲದಲ್ಲಿ ಅಡಗಿದ್ದ ಮೊರೆತ ದೀಪವಾರಿದ ಮೇಲೆ ಎದ್ದು ನಿಲ್ಲುತ್ತದೆ. ಮೊರೆತದಿಂದ ನಿದ್ರೆ ಕೆಡುತ್ತದೆ, ನಿದ್ರೆ ಕೆಟ್ಟಂತೆ ಮೊರೆತ ಅಸಹನೀಯವಾಗುತ್ತದೆ.

ನಮ್ಮೆಲ್ಲರ ಇರುಳುಗಳಿಗೂ ಇಂಥ ಒಂದು ಸ್ವರವಿದೆ. ಅಗಲಿದವರು, ಕೈತಪ್ಪಿದ ಅವಕಾಶ, ಆಡಬೇಕಿದ್ದು ಆಡದೆ ಉಳಿದ ಮಾತು ಹಗಲಿನ ಕಾರ್ಯಭಾರದಲ್ಲಿ ಮರೆಯಾಗಿರುತ್ತವೆ. ದಿಂಬಿಗೆ ತಲೆಯಿಟ್ಟೊಡನೆ ಮರಳುತ್ತವೆ. ನಾವು ಅವನ್ನು ಹೊರಗಟ್ಟಲು ಹೆಣಗುತ್ತೇವೆ, ಹೋದವೇ ಎಂದು ನಡುನಡುವೆ ಪರೀಕ್ಷಿಸುತ್ತೇವೆ. ಆ ಪರೀಕ್ಷೆಯೂ ಒಂದು ಬಗೆಯ ಆಲಿಸುವಿಕೆಯೇ. ಆಲಿಸಿದಷ್ಟೂ ಸ್ವರ ಬಲಿಯುತ್ತದೆ.

ಚೆಕ್ ಸಂಗೀತಕಾರ ಬೆಡ್ರಿಖ್ ಸ್ಮೆಟನಾ 1874ರಲ್ಲಿ, ತಮ್ಮ ಐವತ್ತನೆಯ ವಯಸ್ಸಿನಲ್ಲಿ, ವ್ಯಾಧಿಯಿಂದ ಶ್ರವಣವನ್ನು ಕಳೆದುಕೊಂಡರು. ಎರಡು ವರ್ಷಗಳ ಬಳಿಕ ನಾಲ್ಕು ತಂತಿವಾದ್ಯಗಳಿಗಾಗಿ ‘ನನ್ನ ಬದುಕಿನಿಂದ’ ಎಂಬ ಕೃತಿಯನ್ನು ರಚಿಸಿದರು. ಅದರ ಅಂತಿಮ ಭಾಗದಲ್ಲಿ ಉಲ್ಲಾಸದ ಗತಿ ಥಟ್ಟನೆ ನಿಲ್ಲುತ್ತದೆ. ಪಿಟೀಲಿನ ಒಂದೇ ತಾರಸ್ವರ ನೀಳವಾಗಿ ಕೇಳುತ್ತದೆ. ಅವರನ್ನು ಕಾಡಿದ ಮೊರೆತವದು. ಬರೆದಿಟ್ಟ ಮಾತ್ರಕ್ಕೆ ಅವರ ಸಂಕಟ ತೀರಲಿಲ್ಲ. ಆದರೆ ಕಿವಿಯಲ್ಲಿ ಎಡೆಬಿಡದೆ ಕಾಡಿದ ಸ್ವರಕ್ಕೆ ಕೃತಿಯಲ್ಲಿ ಒಂದು ಆರಂಭ ದೊರೆಯಿತು, ಒಂದು ಅಂತ್ಯವೂ ದೊರೆಯಿತು. ಅದು ಮುಗಿದ ಬಳಿಕವೂ ಸಂಗೀತ ಮುಂದುವರಿಯುತ್ತದೆ.

ಕಿವಿಮೊರೆತದ ಇಂದಿನ ಚಿಕಿತ್ಸೆಯೂ ಬಹುಮಟ್ಟಿಗೆ ಇದೇ ದಾರಿಯಲ್ಲಿದೆ. ಅದು ಪೂರ್ಣ ಮೌನದ ಭರವಸೆ ಕೊಡುವುದಿಲ್ಲ. ಮಲಗುವ ಕೋಣೆಯಲ್ಲಿ ಮೆಲುವಾದ ಸದ್ದೊಂದನ್ನು ಇರಿಸುತ್ತದೆ, ಮೊರೆತಕ್ಕೆ ಕಡಿಮೆ ಬೆಲೆ ಕೊಡಲು ಮನಸ್ಸನ್ನು ಪಳಗಿಸುತ್ತದೆ, ಉಳಿದ ಶ್ರವಣವನ್ನು ಕಾಪಾಡಲು ಕಿವಿಗೊಂದು ಬಿರಡೆ ಕೊಡುತ್ತದೆ. ಕಳೆದುದನ್ನು ಮರೆಯುವ ಶಕ್ತಿ ನಮ್ಮಲ್ಲಿ ಅನೇಕರಿಗಿಲ್ಲ, ಅದು ಅಪರಾಧವೂ ಅಲ್ಲ. ಕಳೆದುದಕ್ಕೆ ಬದುಕಿನಲ್ಲಿ ಒಂದು ಅಳತೆಯ ಸ್ಥಾನವನ್ನು ಗೊತ್ತುಮಾಡುವುದು ಮಾತ್ರ ನಮ್ಮಿಂದಾದೀತು. ಆಗ ಉಳಿದ ಸ್ವರಗಳಿಗೂ ಎಡೆಯಾಗುತ್ತದೆ.