ಮೃಗದರ್ಶನವೂ ನೆಲದ ಋಣವೂ

ದಕ್ಷಿಣ ಆಫ್ರಿಕದ ಕ್ರೂಗರ್ ರಾಷ್ಟ್ರೀಯೋದ್ಯಾನದಲ್ಲಿ ನಾಲ್ಕಾರು ದಿನ ಮೋಟಾರಿನಲ್ಲಿ ಸಂಚರಿಸಿ ಮೃಗಗಳನ್ನು ನೋಡಬಯಸುವವರು ಮೊದಲೇ ಲೆಕ್ಕ ಹಾಕಬೇಕು. ಡಾಂಬರು ದಾರಿಯಲ್ಲಿ ಗಂಟೆಗೆ 50 ಕಿಲೋಮೀಟರು ಮೀರಕೂಡದು. ಸಂಜೆಗೆ ಬಿಡಾರದ ಬಾಗಿಲು ಮುಚ್ಚುವುದು. ನಡುದಾರಿಯಲ್ಲಿ ಗಾಡಿಯಿಂದ ಇಳಿಯುವಂತಿಲ್ಲ. ಮನುಷ್ಯನು ಪಂಜರದೊಳಗೆ, ಸಿಂಹವು ಹೊರಗೆ! ಯುಕ್ತವೇ.

ಆದರೆ ಈ ಲೆಕ್ಕದಲ್ಲಿ ಸೇರದುದೊಂದುಂಟು. ಉತ್ತರದ ಪಫೂರಿ ಸೀಮೆಯ ಮಕುಲೇಕೆ ಜನರನ್ನು 1969ರಲ್ಲಿ ಸರ್ಕಾರವು ಬಲಾತ್ಕಾರದಿಂದ ಎಬ್ಬಿಸಿ ಆ ನೆಲವನ್ನು ಉದ್ಯಾನಕ್ಕೆ ಸೇರಿಸಿತು. ಮೃಗರಕ್ಷಣೆಯು ಧರ್ಮವೇ ಸರಿ. ಪರರ ಮನೆ ಕಿತ್ತು ಗಳಿಸಿದ ಆ ಪುಣ್ಯದಲ್ಲಿ ನೋಡಹೋದವನಿಗೆ ಪಾಲುಂಟಾದರೆ, ಪಾಪದಲ್ಲಿ ಇಲ್ಲವೆ? 1998ರಲ್ಲಿ ನೆಲವು ಅವರಿಗೆ ಮರಳಿತು. ಅವರು ಉಳಲಿಲ್ಲ, ಅದನ್ನು ಮೃಗಗಳಿಗೇ ಬಿಟ್ಟು, ಅತಿಥಿಗಳಿಂದ ಬರುವ ಆದಾಯದಲ್ಲಿ ಪಾಲು ಪಡೆಯತೊಡಗಿದರು. ನೊಂದವರ ಈ ಔದಾರ್ಯವು ಎಬ್ಬಿಸಿದವರಲ್ಲಿ ಇರಲಿಲ್ಲ. ಸಂಚಾರದ ಪಟ್ಟಿ ಬರೆಯುವವರು ಒಂದು ರಾತ್ರಿಯನ್ನು ಆ ನೆಲಕ್ಕೆ ಮೀಸಲಿಡಲಿ. ಲುವುವು, ಲಿಂಪೊಪೊ ನದಿಗಳ ಸಂಗಮವೂ ಅಲ್ಲಿಯೇ ಇದೆ.