ಒಬ್ಬರಿಗೇ ಬೇಯಿಸಿಕೊಂಡರೆ ಪಾಪವೇ?

ತನ್ನೊಬ್ಬನ ಸಲುವಾಗಿ ಬೇಯಿಸಿಕೊಂಡು ಉಣ್ಣುವವನ ತಟ್ಟೆಯಲ್ಲಿರುವುದು ಪಾಪ ಎಂಬುದು ಭಗವದ್ಗೀತೆಯ 3ನೇ ಅಧ್ಯಾಯದ ನಿಲುವು. ಋಗ್ವೇದದ 10ನೇ ಮಂಡಲದ ದಾನಸೂಕ್ತವೂ ಇದನ್ನೇ ಹೇಳುತ್ತದೆ. ಹಾಗಾದರೆ ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿ ಪುಟ್ಟ ಕುಕ್ಕರ್ ಇಟ್ಟುಕೊಂಡ ಹುಡುಗಿ, ಮಕ್ಕಳೆಲ್ಲ ಪರದೇಶ ಸೇರಿದ ಮೇಲೆ ಶಿವಮೊಗ್ಗದಲ್ಲಿ ಒಬ್ಬರೇ ಉಳಿದ ನಿವೃತ್ತ ಮೇಷ್ಟ್ರು ದಿನಾ ಪಾಪ ಕಟ್ಟಿಕೊಳ್ಳುತ್ತಿದ್ದಾರೆಯೇ?

ಗೀತೆಯಲ್ಲಿ ಆ ಮಾತು ಬರುವುದು ಯಜ್ಞದ ಪ್ರಸ್ತಾಪದ ನಡುವೆ. ದೇವತೆ, ಪಿತೃ, ಅತಿಥಿ, ಪ್ರಾಣಿಪಕ್ಷಿಗಳ ಪಾಲು ತೆಗೆದಿಟ್ಟ ಮೇಲೆ ಉಳಿದದ್ದು ಗೃಹಸ್ಥನದು. ಅಲ್ಲಿ ಬೈಸಿಕೊಂಡವನು ಪಾಲು ಕೊಡದವನೇ ಹೊರತು ಒಂಟಿಯಾಗಿ ಉಣ್ಣುವವನಲ್ಲ.

ಒಂಟಿ ಊಟವೂ ಯಜ್ಞವಾಗಬಲ್ಲದು. ಗೀತೆಯ 15ನೇ ಅಧ್ಯಾಯದಲ್ಲಿ ಕೃಷ್ಣ, ಜೀವಿಗಳ ಒಡಲಲ್ಲಿ ಅನ್ನ ಅರಗಿಸುವ ವೈಶ್ವಾನರಾಗ್ನಿ ತಾನೇ ಎನ್ನುತ್ತಾನೆ. ಛಾಂದೋಗ್ಯ ಉಪನಿಷತ್ತಿನ ಪ್ರಕಾರ ಊಟದ ಮೊದಲ ತುತ್ತುಗಳು ಪ್ರಾಣಗಳಿಗೆ ಸಲ್ಲುವ ಆಹುತಿ. ಇಂದಿಗೂ ಸಂಪ್ರದಾಯಸ್ಥರು ಎಲೆಯ ಸುತ್ತ ನೀರು ಬಿಟ್ಟು, ಬಲಕ್ಕೆ ಕೆಲವು ಅಗುಳು ಚಿತ್ರಾಹುತಿ ಇಟ್ಟು, ಪ್ರಾಣ, ಅಪಾನ, ವ್ಯಾನ, ಉದಾನ, ಸಮಾನಗಳ ಹೆಸರಲ್ಲಿ ಐದು ಸಣ್ಣ ತುತ್ತು ನುಂಗುತ್ತಾರೆ. ಪಂಕ್ತಿಯಲ್ಲಿ ನೂರು ಜನರಿರಲಿ, ಅಡುಗೆಮನೆಯಲ್ಲಿ ಒಬ್ಬರೇ ಇರಲಿ, ಕ್ರಮ ಒಂದೇ.

ಶರಣರ ದಾರಿಯಲ್ಲಿ ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಇಷ್ಟಲಿಂಗಕ್ಕೆ ಅರ್ಪಿಸದೆ ಉಣ್ಣುವಂತಿಲ್ಲ, ಅರ್ಪಿಸಿದ್ದನ್ನು ಚೆಲ್ಲುವಂತಿಲ್ಲ. ತಟ್ಟೆಗೆ ನೀರು ಹಾಕಿ, ಬೆರಳಿಂದ ಬಳಿದು, ಆ ನೀರನ್ನೂ ಕುಡಿದು ಏಳುವ ಹಿರಿಯರು ಮಠಗಳಲ್ಲಿ ಈಗಲೂ ಇದ್ದಾರೆ. ಒಂಟಿ ಅಡುಗೆಯವರು ಸೋಲುವುದು ಇಲ್ಲೇ. ಅಂದಾಜಿಲ್ಲದೆ ಕುದಿಸಿದ ಹುಳಿ ಮೂರನೇ ದಿನ ಸಿಂಕಿಗೆ ಹೋಗುತ್ತದೆ, ಫ್ರಿಜ್ಜಿನಲ್ಲಿ ಅರ್ಧ ಕಟ್ಟು ದಂಟಿನ ಸೊಪ್ಪು ಕೊಳೆಯುತ್ತದೆ. ಅರ್ಧ ಲೋಟ ಅಕ್ಕಿ, ಒಂದು ಹಿಡಿ ತೊಗರಿಬೇಳೆ, ಇವತ್ತು ತಂದ ಸೊಪ್ಪು ಇವತ್ತೇ ಎಂದು ವಾರದ ಲೆಕ್ಕ ಬರೆದಿಟ್ಟುಕೊಳ್ಳುವುದೂ ಪ್ರಸಾದದ ಶಿಸ್ತೇ.

"ನನ್ನೊಬ್ಬಳಿಗೆ ಏನು ಮಾಡ್ಕೊಳ್ಳೋದು, ಅನ್ನ ಉಪ್ಪಿನಕಾಯಿ ಸಾಕು" ಎನ್ನುವವರನ್ನು ಜನ ವೈರಾಗ್ಯವಂತರೆಂದು ಹೊಗಳುವುದುಂಟು. ಗೀತೆ ಒಪ್ಪುವುದಿಲ್ಲ. ಅತಿಯಾಗಿ ಉಣ್ಣುವವನಿಗೂ ಉಣ್ಣದೇ ಇರುವವನಿಗೂ ಯೋಗ ಒದಗದೆಂಬುದು ಅದರ 6ನೇ ಅಧ್ಯಾಯದ ಅಭಿಪ್ರಾಯ. ಸಿದ್ಧಾರ್ಥ ಕೂಡ ಉಪವಾಸದಿಂದ ಎಲುಬುಗೂಡಾದ ಮೇಲೆ ಸುಜಾತೆ ಕೊಟ್ಟ ಪಾಯಸ ಉಂಡೇ ಬೋಧಿವೃಕ್ಷದಡಿ ಕೂತದ್ದು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿ ಬೇಕೆನ್ನುತ್ತದೆ. ಮನೆಯಲ್ಲಿ ಒಬ್ಬರೇ ಇದ್ದಾರೆಂದು ಅದರಲ್ಲಿ ರಿಯಾಯಿತಿ ಇಲ್ಲ.

ಒಬ್ಬರೇ ಇರುವವರು ಇಂದು ರಾತ್ರಿ ಒಂದು ಹಿಡಿ ಹೆಸರುಬೇಳೆ ನೆನೆಹಾಕಿ ಮಲಗಲಿ. ಬೆಳಗ್ಗೆ ಸೌತೆಕಾಯಿ ಹೆಚ್ಚಿ ಕೋಸಂಬರಿ ಕಲಸಿದಾಗ ಪಕ್ಕದ ಮನೆಗೂ ಒಂದು ಬಟ್ಟಲು ಕೊಡಲಿ.