ಕೋಟೆಯ ಮುಂದೆ ಒಂದು ಫೋಟೋ

ಕೆಲವು ವರ್ಷಗಳ ಹಿಂದಿನ ಮಾತು. ಚಳಿಗಾಲದ ಒಂದು ಶುಕ್ರವಾರ ಎರಡು ಕುಟುಂಬದವರು ಪುಳಿಯೋಗರೆ ಕಟ್ಟಿಕೊಂಡು ಜಹ್ರಾದ ಕೆಂಪು ಕೋಟೆ ನೋಡಲು ಹೊರಟೆವು. ಚಿತ್ರದುರ್ಗ ಕಂಡವರಿಗೆ ಇದೂ ಒಂದು ಕೋಟೆಯೇ ಎನ್ನಿಸೀತು. ಬೆಟ್ಟವಿಲ್ಲ, ಬಂಡೆಯಿಲ್ಲ, ಮಣ್ಣಿನ ಗೋಡೆ, ಮೂಲೆಗೊಂದು ಬುರುಜು. 19ನೇ ಶತಮಾನದ ಕೊನೆಯಲ್ಲಿ ಶೇಖ್ ಮುಬಾರಕ್ ಕಟ್ಟಿಸಿದ್ದು. 1920ರ ಅಕ್ಟೋಬರ್ 10ರಂದು ಇಖ್ವಾನ್ ಪಡೆ ಜಹ್ರಾದ ಮೇಲೆ ಬಿದ್ದಾಗ ಶೇಖ್ ಸಾಲಿಂ ತಮ್ಮವರೊಡನೆ ಇದರೊಳಗೆ ಸೇರಿಕೊಂಡರು. ಬಾವಿಯೇನೋ ಇತ್ತು, ನೀರು ಉಪ್ಪು. ಹೊರಗೆ ಶತ್ರು, ಒಳಗೆ ಬಾಯಾರಿಕೆ.

ಎಂಟು ವರ್ಷದ ನನ್ನ ಮಗ ಗೋಡೆಯ ಕಿಂಡಿಗೆ ಬೆರಳಿಟ್ಟು "ಢಂ ಢಂ" ಎಂದು ನಮ್ಮನ್ನೆಲ್ಲ ಸುಟ್ಟ. ನಾವು ಎದೆ ಹಿಡಿದು ಬಿದ್ದಂತೆ ನಟಿಸಿದೆವು, ಫೋಟೋ ತೆಗೆದೆವು. ಮೊಮ್ಮಗನ ಕೈ ಹಿಡಿದು ನಿಂತಿದ್ದ ಹಿರಿಯ ಕುವೈತಿಯೊಬ್ಬರು ಮುಖ ಆಚೆ ತಿರುಗಿಸಿದರು. ಬಿಸಿಲಿಗೋ ಏನೋ.

ಸಂಜೆ ಕುರೈನ್ ಬಡಾವಣೆಯ ಹುತಾತ್ಮರ ಮನೆಗೆ ಹೋದೆವು. 1991ರ ಫೆಬ್ರವರಿ 24ರಂದು ಅಲ್-ಮಸಿಲಾ ತಂಡದ 19 ಮಂದಿ ಇಲ್ಲಿಂದ ಇರಾಕಿ ಸೈನಿಕರನ್ನು ಗಂಟೆಗಟ್ಟಲೆ ಎದುರಿಸಿದರು. 12 ಮಂದಿ ಸತ್ತರು. ಎರಡೇ ದಿನದಲ್ಲಿ ಕುವೈತ್ ಬಿಡುಗಡೆಯಾಯಿತು. ಒಡೆದ ಗೋಡೆಗಳನ್ನು ಹಾಗೆಯೇ ಉಳಿಸಿದ್ದಾರೆ.

ಮಗ ಇಲ್ಲಿಯೂ ಒಂದು ತೂತಿಗೆ ಬೆರಳಿಟ್ಟ. ಜೊತೆಯಲ್ಲಿದ್ದ ಹಿರಿಯ ಮಿತ್ರರು ಅವನ ಕೈ ಹಿಡಿದುಕೊಂಡರು. 1990ರ ಆಗಸ್ಟಿನಲ್ಲಿ ಅವರು ಇಲ್ಲೇ ಇದ್ದವರು. ಅಮ್ಮಾನಿನಿಂದ ವಿಮಾನದಲ್ಲಿ ಊರಿಗೆ ಮರಳಿದ ಲಕ್ಷಕ್ಕೂ ಮಿಕ್ಕ ಭಾರತೀಯರಲ್ಲಿ ಒಬ್ಬರು.

"ಇಲ್ಲಿ ಬೇಡ ಪುಟ್ಟಾ."

"ಬೆಳಿಗ್ಗೆ ಅಲ್ಲಿ ಆಡಬಹುದಿತ್ತಾ ಅಂಕಲ್?"

ಯಾರೂ ಉತ್ತರಿಸಲಿಲ್ಲ.

ಪ್ರೋಗ್ರಾಂ ಬರೆಯುವವನು ನಾನು. ಎಲ್ಲದಕ್ಕೂ ಒಂದು ಷರತ್ತು ಹುಡುಕುವ ಚಟ. ಸಾವು ಎಷ್ಟು ವರ್ಷ ಹಳೆಯದಾದರೆ ಅದರ ಮುಂದೆ ಆಡಬಹುದು? ಎರಡು ಕಾಳಗಗಳ ನಡುವೆ ಇರುವುದು ಎಪ್ಪತ್ತು ವರ್ಷ. ಆದರೆ ಲೆಕ್ಕ ವರ್ಷಗಳದ್ದಲ್ಲ ಎಂದು ತೋರುತ್ತದೆ. ಕುರೈನಿನಲ್ಲಿ ನೆನಪಿದ್ದವರೊಬ್ಬರು ನಮ್ಮ ಪಕ್ಕದಲ್ಲಿದ್ದರು. ಜಹ್ರಾದಲ್ಲಿಯೂ ಅಂಥವರು ಇದ್ದಿರಬಹುದು, ನಮ್ಮವರಲ್ಲ, ಅಷ್ಟೇ. ಚಿತ್ರದುರ್ಗದ ಕಿಂಡಿಯ ಮುಂದೆ ಬಾಲ್ಯದಲ್ಲಿ ನಾನೂ ಕೋಲನ್ನು ಒನಕೆ ಮಾಡಿಕೊಂಡು ತಲೆಗಳನ್ನು ಎಣಿಸಿದವನೇ. ಓಬವ್ವ ಮಾಡಿದ್ದು ಸರಿ, ಅದರಲ್ಲಿ ನನಗೆ ಸಂಶಯವಿಲ್ಲ. ನನ್ನ ಚಪ್ಪಾಳೆಯ ಬಗ್ಗೆ ಮಾತ್ರ ಈಗ ಸಂಶಯ.

ಆ ಫೋಟೋ ಅಜ್ಜಿಗೆ ಕಳಿಸು ಎಂದು ಮಗ ಎರಡು ಸಲ ನೆನಪಿಸಿದ. ಇನ್ನೂ ಕಳಿಸಿಲ್ಲ. ಅಳಿಸಿಯೂ ಇಲ್ಲ.